ಮೆತ್ತನೆಯ ಜಾಕೆಟ್ಟುಗಳು

ನನ್ನಣ್ಣನ ಕೈಗೆ ಏನು ಕೊಟ್ಟರೂ ಮೆತ್ತಗೆ ಮಾಡಿಬಿಡುತ್ತಾನೆ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಹಲ್ಲಿನ ಡಾಕ್ಟರು ನಮ್ಮನ್ನು ಮಲಗಿಸುವ ಆ ಕುರ್ಚಿ, ಯಾವುದಾದರೂ ಸರಿ. ಅದರ ಹೊಟ್ಟೆ ಬಗೆದು, ಹೊಸ ಸ್ಪಂಜು ತುಂಬಿ, ಮೇಲೆ ರೆಕ್ಸಿನ್ ಎಳೆದು ಹೊಲಿದುಕೊಟ್ಟನೆಂದರೆ ಕೂತವರಿಗೆ ಏಳುವ ಮನಸ್ಸಾಗುವುದಿಲ್ಲ. ಊರಿನಲ್ಲಿ ಅವನಿಗೆ 'ಮೆತ್ತೆಯಣ್ಣ' ಎಂದೇ ಹೆಸರು. ಹಾಗೆ ಕರೆದರೆ ಹಿಗ್ಗಿ ಹೀರೇಕಾಯಿಯಾಗುತ್ತಾನೆ. ಹೊಗಳಿಕೆ ಎಷ್ಟು ಸುರಿದರೂ ಕುಡಿಯುವ ಪೈಕಿ.

ನಾನು ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಅವನ ಮಹಡಿಯ ಕೋಣೆಗೆ ಬಂದವಳು. ಕೆಳಗೆ ಅವನ ಕಾರ್ಖಾನೆಯ ಪಕ್ಕದ ಮಳಿಗೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ತಲೆ ಇಸ್ತ್ರಿಪೆಟ್ಟಿಗೆಗಿಂತ ಬೇಗ ಕಾಯುತ್ತದೆ ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಾಳೆ. ಕಾಯುತ್ತದೆ, ಏನೀಗ? ಈ ಕಥೆ ಕೇಳಿದ ಮೇಲೂ ನಿಮ್ಮ ತಲೆ ಕಾಯದಿದ್ದರೆ ನಿಮ್ಮನ್ನೇ ಯಾರಿಗಾದರೂ ತೋರಿಸಬೇಕು.

ಸೇತುವೆಯ ಕಂಬದಲ್ಲಿ ಬಿರುಕು ಬಿಟ್ಟಿದೆ ಎಂದು ಸೇತುವೆಯನ್ನು ಮುಚ್ಚಿದ್ದರು. ರಿಪೇರಿ ಇವತ್ತು ಶುರುವಾಗುತ್ತದೆ, ನಾಳೆ ಶುರುವಾಗುತ್ತದೆ ಎನ್ನುತ್ತಲೇ ಎರಡು ಮಳೆಗಾಲ ಕಳೆದವು. ಮನೆಗಳೆಲ್ಲ ನಮ್ಮ ದಡದಲ್ಲಿ. ಆಸ್ಪತ್ರೆ, ಕಾಲೇಜು, ಕಚೇರಿಗಳೆಲ್ಲ ಆಚೆ ದಡದಲ್ಲಿ. ನಡುವೆ ಒಂದು ಮೋಟಾರು ದೋಣಿ. ಹೊಳೆ ನೋಡುವುದಕ್ಕೆ ಸಾಧು, ನಡುವಿನಲ್ಲಿ ಮಾತ್ರ ಆಳ ಎಷ್ಟೆಂದು ದೋಣಿಯವನಿಗೂ ಗೊತ್ತಿಲ್ಲ. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸು. ದಿನಾ ಹೋಗಬೇಕು, ದಿನಾ ಬರಬೇಕು. ಅವಳಿಗೆ ಈಜು ಬಾರದು. ನನಗಿರುವವಳು ಅವಳೊಬ್ಬಳೇ.

ದೋಣಿ ಶುರುವಾದಾಗಲೇ ಲೈಫ್ ಜಾಕೆಟ್ಟುಗಳು ಬಂದಿದ್ದವು. ಕಿತ್ತಳೆ ಬಣ್ಣ, ಹಲಗೆಯಷ್ಟು ಗಟ್ಟಿ. ಜನ ಹಾಕಿಕೊಂಡರೇ? ಇಲ್ಲ. ಕತ್ತು ಉಜ್ಜುತ್ತದೆ ಎಂದ ಒಬ್ಬ. ಇಸ್ತ್ರಿ ಮಾಡಿದ ಅಂಗಿ ಮುದುಡುತ್ತದೆ ಎಂದ ಇನ್ನೊಬ್ಬ. ಇಸ್ತ್ರಿ ಮಾಡಿದ್ದು ನಾನು, ನನಗಿಲ್ಲದ ಕಾಳಜಿ ಅವನಿಗೆ. ದೋಣಿಯ ಹಲಗೆ ಯಾವಾಗಲೂ ಒದ್ದೆ. ಹಾಗಾಗಿ ಎಲ್ಲರೂ ಜಾಕೆಟ್ಟನ್ನು ಹಲಗೆಯ ಮೇಲೆ ಹಾಸಿ ಅದರ ಮೇಲೆ ಕೂತರು. ಪ್ರಾಣ ಉಳಿಸುವುದಕ್ಕೆ ಕೊಟ್ಟದ್ದನ್ನು ಅಂಡಿನ ಕೆಳಗೆ ಹಾಕಿಕೊಂಡ ಜಾಣರು ನಾವು. ಕೂತು ಕೂತು ಒಳಗಿನ ಗಟ್ಟಿ ಫೋಮು ಚಪ್ಪಲಿಯ ಅಟ್ಟೆಯಷ್ಟು ತೆಳ್ಳಗಾಯಿತು.

ದೋಣಿ ಸಮಿತಿ ಅಂತ ಒಂದಿದೆ. ಊರಲ್ಲಿ ಔಷಧಿಯಂಗಡಿ ಇಟ್ಟಿರುವವರೊಬ್ಬರು ಅದಕ್ಕೆ ಅಧ್ಯಕ್ಷರು. ಅವರು ಜಾಕೆಟ್ಟುಗಳನ್ನೆಲ್ಲ ಕಟ್ಟಿಸಿ ನನ್ನಣ್ಣನ ಕಾರ್ಖಾನೆಗೆ ತಂದು ಹಾಕಿಸಿದರು. "ಸ್ವಲ್ಪ ರಿಪೇರಿ ಮಾಡಿಕೊಡಪ್ಪ, ಜನ ಹಾಕ್ಕೊಳ್ಳೋ ಹಾಗೆ ಮಾಡು" ಎಂದರು.

ಅಣ್ಣನಿಗೆ ಗೊತ್ತಿರುವುದು ಒಂದೇ ರಿಪೇರಿ. ಹೊಲಿಗೆ ಬಿಚ್ಚಿ, ಸವೆದ ಫೋಮು ತೆಗೆದು ಬಿಸಾಕಿ, ಸೋಫಾಕ್ಕೆ ಹಾಕುವ ಸ್ಪಂಜನ್ನೇ ಅಳತೆಗೆ ಕತ್ತರಿಸಿ ತುಂಬಿದ. ಕತ್ತಿನ ಹತ್ತಿರ ಒಂದು ಪದರ ಜಾಸ್ತಿ. ಹೊಸ ಬಟ್ಟೆ, ಹೊಸ ಲಾಡಿ. ಹೊಲಿಗೆಯಂತೂ, ಸುಳ್ಳು ಹೇಳಬಾರದು, ಮುತ್ತು ಪೋಣಿಸಿದ ಹಾಗಿತ್ತು.

ಊರಿಗೆ ಊರೇ ಮರುಳಾಯಿತು. ಜಾಕೆಟ್ಟು ದಿಂಬಿನ ಹಾಗಿದೆ ಎಂದು ಕಾಲೇಜಿನ ಹುಡುಗಿಯರು ಕೆನ್ನೆಗೊತ್ತಿಕೊಂಡು ನೋಡಿದರು. ಹಿಂದೆ ಮುಟ್ಟದವರೆಲ್ಲ ಈಗ ನನಗೊಂದು ನಿನಗೊಂದು ಎಂದು ಕಿತ್ತಾಡಿ ಹಾಕಿಕೊಂಡರು. ಅಧ್ಯಕ್ಷರು ಜಾಕೆಟ್ಟು ತೊಟ್ಟು, ನನ್ನಣ್ಣನ ಹೆಗಲ ಮೇಲೆ ಕೈಹಾಕಿ, ದೋಣಿಕಟ್ಟೆಯಲ್ಲಿ ಫೋಟೋ ತೆಗೆಸಿಕೊಂಡರು. ಅತ್ತಿಗೆ ಅದಕ್ಕೆ ಕಟ್ಟು ಹಾಕಿಸಿ ಕಾರ್ಖಾನೆಯ ಗೋಡೆಗೆ ಮೊಳೆ ಹೊಡೆದಳು.

ಆಮೇಲೆ ಮಗಳ ಸಮವಸ್ತ್ರ ದಿನಾ ಸಂಜೆ ಒದ್ದೆಯಾಗಿ ಬರತೊಡಗಿತು. ತೋಳೆಲ್ಲ ಒಣಗಿರುತ್ತಿತ್ತು, ಎದೆ ಬೆನ್ನಿನ ಮೇಲೆ ಮಾತ್ರ ಹೆಂಚಿನಗಲ ತೇವ. ಬಿಳಿ ಬಟ್ಟೆ, ಬೆಳಿಗ್ಗೆ ನಾನೇ ಗರಿಗರಿಯಾಗಿ ಉಜ್ಜಿ ಕೊಟ್ಟದ್ದು.

"ಮಳೆ ಇರ್ಲಿಲ್ವಲ್ಲೇ, ಇದೇನು ಎದೆ ಬೆನ್ನೆಲ್ಲ ಒದ್ದೆ?"

"ಜಾಕೆಟ್ಟು ಒದ್ದೆ ಇರುತ್ತಮ್ಮ. ಮಳೆ ಬಂದು ಮೂರು ದಿನ ಆದ್ರೂ ಆರಲ್ಲ. ಭಾರ ಬೇರೆ."

ದಿನಕ್ಕೆ ಎರಡು ಸಲ ಪಾತ್ರೆ ತೊಳೆಯುವವಳು ನಾನು. ಸ್ಪಂಜು ನೀರು ಕುಡಿಯುತ್ತದೆ ಎಂದು ನನಗೆ ಯಾರೂ ಬಂದು ಪಾಠ ಹೇಳಬೇಕಾಗಿಲ್ಲ. ಕುಡಿಯಲಿ ಎಂದೇ ಅಲ್ಲವೇ ಅದನ್ನು ಕೊಳ್ಳುವುದು! ಅಣ್ಣ ಕಿತ್ತು ಬಿಸಾಕಿದ ಆ ಗಟ್ಟಿ ಫೋಮು ಒಂದು ಹನಿಯನ್ನೂ ಕುಡಿಯುತ್ತಿರಲಿಲ್ಲ. ಊರಿನ ಪ್ರತಿ ಅಡಿಗೆಮನೆಯಲ್ಲೂ ಒಂದು ತುಂಡು ಬಿದ್ದಿರುತ್ತದೆ. ಅದನ್ನೇ ಎದೆಗೆ ಕಟ್ಟಿಕೊಂಡು ಹೊಳೆ ದಾಟುತ್ತಿದ್ದೇವೆ ಎಂದು ಒಬ್ಬರಿಗಾದರೂ ಹೊಳೆಯಬಾರದೇ?

ಮರುದಿನ ಅಂಗಡಿಯ ಬಾಗಿಲು ತೆಗೆಯದೆ ದೋಣಿಕಟ್ಟೆಗೆ ಹೋದೆ. ಒಂದು ಜಾಕೆಟ್ಟು ತೆಗೆದು ಎರಡು ಕೈಯಲ್ಲಿ ಹಿಂಡಿದೆ. ಕಾಲ ಮೇಲೆಲ್ಲ ನೀರು. ಇನ್ನೊಂದು, ಒಣಗಿದ್ದು ಹುಡುಕಿ, ಮೆಟ್ಟಿಲ ಬಳಿ ಹೊಳೆಗೆ ಬಿಟ್ಟೆ. ಅದು ತೇಲಿತು. ಬಾತುಕೋಳಿಯ ಹಾಗೆ ಚೆನ್ನಾಗಿಯೇ ತೇಲಿತು.

ದೋಣಿಯವನು ಹಲ್ಲು ಕಿರಿದ. ಅವನ ಮೀಸೆ ಅವನಿಗಿಂತ ಮುಂಚೆ ಬರುವುದರಿಂದ ಎಲ್ಲರೂ ಅವನನ್ನು ಮೀಸೆ ಅಂತಲೇ ಕರೆಯುವುದು. "ನೋಡಿ ಅಕ್ಕ, ತೇಲ್ತಾ ಇದೆ. ಸುಮ್ನೆ ಗಾಬರಿ ಬೀಳ್ತೀರಿ."

"ನಿಲ್ಲು ಸ್ವಲ್ಪ ಹೊತ್ತು."

ಅವನು ಬೀಡಿ ಹಚ್ಚಿದ. ಬೀಡಿ ಅರ್ಧವಾಗುವ ಹೊತ್ತಿಗೆ ಜಾಕೆಟ್ಟಿನ ಒಂದು ಭುಜ ನೀರಿನೊಳಗಿತ್ತು. ಬೀಡಿ ಮುಗಿಯುವಾಗ ಕಿತ್ತಳೆ ಬಣ್ಣ ನೀರಿನಡಿ ಮಸುಕಾಗಿ ಕಾಣುತ್ತಿತ್ತು. ನಾನು ಕೋಲು ಹಾಕಿ ಎಳೆದೆ. ನೆನೆದ ಕಂಬಳಿಯಷ್ಟು ಭಾರ.

ಮೀಸೆ ಬೀಡಿಯ ತುಂಡನ್ನು ನೀರಿಗೆಸೆದು, "ಅಷ್ಟು ಹೊತ್ತು ಯಾರು ನೀರಲ್ಲಿ ಇರ್ತಾರೆ ಬಿಡಿ ಅಕ್ಕ" ಎಂದ.

ಬಿಡಿ ಅಂತೆ! ನಡುಹೊಳೆಯಲ್ಲಿ ದೋಣಿ ಮಗುಚಿದರೆ ದಡದಿಂದ ಯಾರಾದರೂ ಬಂದು ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು? ಬೇರೆ ದೋಣಿಯೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವನ ಮೇಲೆ ಕೂಗಾಡಿ ಏನು ಪ್ರಯೋಜನ, ಅವನು ಹೊಲಿದದ್ದಲ್ಲ. ನೆನೆದ ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡು ಸೀದಾ ಕಾರ್ಖಾನೆಗೆ ಬಂದೆ.

ಅಣ್ಣ ನೆಲದ ಮೇಲೆ ಮಂಡಿಯೂರಿ ಯಾರದೋ ಸೋಫಾದ ತಳಕ್ಕೆ ಪಟ್ಟಿ ಬಿಗಿಯುತ್ತಿದ್ದ. ಬಾಯಲ್ಲಿ ಸಣ್ಣ ಮೊಳೆಗಳು, ಸುತ್ತಲೂ ಗಮ್ಮಿನ ವಾಸನೆ, ಗೋಡೆಗೆ ಒರಗಿಸಿದ ಸ್ಪಂಜಿನ ಹಾಳೆಗಳು. ಜಾಕೆಟ್ಟನ್ನು ಅವನ ಮುಂದೆ ಎತ್ತಿಹಾಕಿದೆ. ಪಚಕ್ಕೆಂದು ಸದ್ದಾಯಿತು.

"ಇದು ಮುಳುಗುತ್ತೆ ಅಣ್ಣ."

ಅವನು ಮೊಳೆಗಳನ್ನು ಅಂಗೈಗೆ ಉಗುಳಿದ. "ಏನು ಮಾತು ಅಂತ ಆಡ್ತೀಯ? ಬಚ್ಚಲ ಟಬ್ಬಲ್ಲಿ ಹಾಕಿ ನೋಡಿದ್ದೀನಿ ನಾನು. ತೇಲ್ತು."

"ಎಷ್ಟು ಹೊತ್ತು ಬಿಟ್ಟಿದ್ದೆ?"

"ಹಾಕ್ದೆ, ತೇಲ್ತು, ತೆಗ್ದೆ. ಮತ್ತೇನು, ಅದಕ್ಕೆ ಸ್ನಾನ ಮಾಡಿಸ್ಬೇಕಿತ್ತಾ?"

"ಸ್ಪಂಜು ನೀರು ಕುಡಿಯುತ್ತೆ ಅಂತ ಗೊತ್ತಿಲ್ವಾ ನಿನಗೆ?"

"ಒಳ್ಳೇ ಸ್ಪಂಜು ಕಣೇ ಅದು! ದೊಡ್ಡ ದೊಡ್ಡ ಮನೆ ಸೋಫಾಕ್ಕೆ ಹಾಕೋದು. ಕಮ್ಮಿದು ಹಾಕಿಲ್ಲ ನಾನು. ಬೇಕಾದ್ರೆ ಒತ್ತಿ ನೋಡು."

ಇದೇ ಅವನ ತಲೆ. ಸ್ಪಂಜು ಎಂದರೆ ಒತ್ತಿ ನೋಡಬೇಕು, ಅಷ್ಟೇ. ಮೋಸ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಮೋಸ ಮಾಡಿದವನಿಗೆ ಒಳಗೊಳಗೆ ಹೆದರಿಕೆಯಾದರೂ ಇರುತ್ತದೆ. ಇವನು ಮನಸ್ಸಿಟ್ಟು, ಕಣ್ಣು ನೋಯುವಷ್ಟು ಹೊಲಿದು, ಊರಿನವರನ್ನು ಮುಳುಗಿಸುವುದಕ್ಕೆ ಒಳ್ಳೆಯ ಮಾಲು ಹಾಕಿದ್ದ.

ಗದ್ದಲ ಕೇಳಿ ಅತ್ತಿಗೆ ಒಳಗಿನಿಂದ ಬಂದಳು. "ಈಗ ತಾನೇ ಇವರಿಗೆ ನಾಲ್ಕು ಜನರಲ್ಲಿ ಹೆಸರು ಬಂದಿದೆ. ಅದು ನಿನ್ನ ಕಣ್ಣು ಕುಕ್ತಾ ಇದೆಯಾ? ಮೇಲ್ಗಡೆ ರೂಮಲ್ಲಿ ಇದ್ಕೊಂಡು ನಮ್ಮ ಮಾನಾನೇ ಹರಾಜು ಹಾಕ್ತೀಯಲ್ಲ" ಎಂದಳು.

ರೂಮಿನ ಮಾತು ಬಂತು. ಬರುತ್ತದೆ ಎಂದು ಗೊತ್ತಿತ್ತು. ಅಣ್ಣ ಅವಳನ್ನು ತಡೆಯುತ್ತಾನೇನೋ ಎಂದು ನೋಡಿದೆ. ಅವನು ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡು ಸೋಫಾದ ಕಡೆ ತಿರುಗಿದ.

ಅಲ್ಲಿಂದ ಔಷಧಿಯಂಗಡಿಗೆ. ಅಧ್ಯಕ್ಷರು ಗಾಜಿನ ಕಪಾಟಿನಲ್ಲಿ ಕೆಮ್ಮಿನ ಔಷಧಿ ಜೋಡಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಅವರ ತಲೆಯಾಡಿಸುವಿಕೆ ನೋಡಿದರೆ ಅರ್ಧ ಕೆಲಸ ಆಗೇ ಹೋಯಿತು ಅನಿಸಬೇಕು, ಹಾಗಿರುತ್ತದೆ.

"ನೋಡಮ್ಮ, ಮೊದಲು ಒಬ್ಬರೂ ಜಾಕೆಟ್ಟು ಹಾಕ್ತಿರ್ಲಿಲ್ಲ. ಈಗ ಎಲ್ಲರೂ ಹಾಕ್ತಾರೆ. ಇದು ಸುಧಾರಣೆ ಹೌದೋ ಅಲ್ವೋ?"

"ಮುಳುಗೋ ಜಾಕೆಟ್ಟು ಹಾಕ್ಕೊಂಡ್ರೆ ಅದೆಂಥ ಸುಧಾರಣೆ ಸರ್? ಮೊದಲು ಮೈಮೇಲೆ ಜಾಕೆಟ್ಟಿಲ್ಲ ಅಂತ ಜನ ಹೆದರ್ಕೊಂಡು ಹಲಗೆ ಗಟ್ಟಿ ಹಿಡ್ಕೊಂಡು ಕೂರ್ತಿದ್ರು. ಈಗ ಜಾಕೆಟ್ಟಿದೆ ಅನ್ನೋ ಧೈರ್ಯದಲ್ಲಿ ಅಂಚಲ್ಲಿ ನಿಂತ್ಕೊಂಡು ಹೋಗ್ತಾರೆ. ಮೀಸೆ ಇನ್ನಷ್ಟು ಜನರನ್ನ ತುಂಬ್ತಾನೆ."

"ಇಲ್ಲೀ ತನಕ ಯಾರಾದ್ರೂ ಮುಳುಗಿದಾರಾ?"

"ಮುಳುಗಲಿ ಅಂತ ಕಾಯಬೇಕಾ?"

"ಜನರಲ್ಲಿ ಭಯ ಹುಟ್ಟಿಸಬಾರದಮ್ಮ. ಮುಂದಿನ ಸಭೇಲಿ ಮಾತಾಡೋಣ."

"ಸರ್, ಆ ಬಾಟಲಿಗಳಲ್ಲಿ ಬರೀ ಸಕ್ಕರೆ ನೀರು ತುಂಬಿಟ್ರೆ ಜನ ಈಗಿನದಕ್ಕಿಂತ ಖುಷಿಯಾಗಿ ಕುಡೀತಾರೆ. ಕುಡೀತಾರಲ್ಲ ಅಂತ ಅದನ್ನೇ ಮಾರ್ತೀರಾ?"

ಅವರ ಮುಖ ಗಂಟಿಕ್ಕಿತು. ಅದು ಬೇರೆ, ಇದು ಬೇರೆ ಎಂದರು. ಹಿಂದೆ ನಿಂತಿದ್ದ ಗಿರಾಕಿಗೆ ಏನು ಬೇಕು ಎಂದು ಕೇಳಿದರು. ನಾನು ಅಲ್ಲಿ ನಿಂತೇ ಇದ್ದೆ, ಆದರೆ ಅವರ ಪಾಲಿಗೆ ಆಗಲೇ ಹೊರಟುಹೋಗಿದ್ದೆ.

ಮಗಳಿಗೆ ರಜ ಹಾಕು ಎಂದೆ. "ಎಷ್ಟು ದಿನ ಹಾಕ್ಲಮ್ಮ? ಸೇತುವೆ ಸರಿಯಾಗೋ ತನಕಾನಾ?" ಎಂದಳು. ಅದೂ ಸರಿಯೇ. ಕೊನೆಗೆ ಎಣ್ಣೆಯ ಖಾಲಿ ಕ್ಯಾನು ತೊಳೆದು, ಮುಚ್ಚಳ ಬಿಗಿದು, ಅದರ ಹಿಡಿಗೆ ಹಗ್ಗ ಕಟ್ಟಿ ಅವಳ ಕೈಗೆ ಕೊಟ್ಟೆ. ದೋಣಿ ಹತ್ತುವಾಗ ಸೊಂಟಕ್ಕೆ ಕಟ್ಟಿಕೋ, ಒಳಗೆ ಗಾಳಿಯಿರುವ ಮುಚ್ಚಿದ ಕ್ಯಾನು ಎಂದಾದರೂ ಮುಳುಗಿದ್ದುಂಟೇ? ಎರಡು ದಿನ ಕಟ್ಟಿಕೊಂಡಳು, ಪಾಪ. ದೋಣಿ ತುಂಬ ನಗು. 'ಕ್ಯಾನು ನರ್ಸು' ಅಂತ ಹೆಸರಿಟ್ಟರು. ಆಸ್ಪತ್ರೆಯ ವಾರ್ಡಿನವರೆಗೂ ಆ ಹೆಸರು ಹೊಳೆ ದಾಟಿ ಹೋಯಿತು. ಮೂರನೆಯ ದಿನ ಅವಳು ಕ್ಯಾನನ್ನು ನನ್ನ ಅಂಗಡಿಯ ಮೇಜಿನ ಕೆಳಗಿಟ್ಟು, ನನ್ನ ಮುಖ ನೋಡದೆ ಹೊರಟಳು.

ನನಗೆ ತಡೆಯಲಾಗಲಿಲ್ಲ. ಇಸ್ತ್ರಿಪೆಟ್ಟಿಗೆ ಆರಿಸಿ ಅವಳ ಹಿಂದೆಯೇ ಓಡಿದೆ.

ದೋಣಿ ತುಂಬಿತ್ತು. ಎಲ್ಲರ ಮೈಮೇಲೂ ಮೆತ್ತನೆಯ ಕಿತ್ತಳೆ ಜಾಕೆಟ್ಟು. ಹಿಂದಿನ ರಾತ್ರಿ ಮಳೆ ಸುರಿದು ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿ ಸುಳಿಯುತ್ತಿತ್ತು. ಮಗಳು ಅಂಚಿನಲ್ಲಿ ಕೂತು ಲಾಡಿ ಕಟ್ಟಿಕೊಳ್ಳುತ್ತಿದ್ದಳು. ನಾನು ದೋಣಿಗೆ ಹತ್ತುವ ಹಲಗೆಯ ಮೇಲೆ ಹೋಗಿ ನಿಂತೆ.

"ಈ ಹಲಗೆ ತೆಗೆಯೋಕೆ ಬಿಡಲ್ಲ ನಾನು. ನನ್ನ ತಳ್ಳಿ ಬೇಕಾದ್ರೆ ಹೋಗಿ."

"ಅಮ್ಮಾ, ಮನೆಗೆ ಹೋಗು" ಎಂದಳು ಮಗಳು. ಅವಳ ಕಿವಿಯೆಲ್ಲ ಕೆಂಪಾಗಿತ್ತು. ಕಚೇರಿಯವರು ಗಡಿಯಾರ ನೋಡಿಕೊಂಡರು. ಯಾರೋ ಬಾಯಿಗೆ ಬಂದ ಹಾಗೆ ಬೈದರು. ಮೀಸೆ ಓಡಿಹೋಗಿ ಅಣ್ಣನನ್ನು ಕರೆತಂದ. ದಾರಿಯಲ್ಲಿ ಅಧ್ಯಕ್ಷರೂ ಸೇರಿಕೊಂಡರು.

ಅಣ್ಣನ ಮುಖ ಸಿಟ್ಟಿಗೆ ಊದಿತ್ತು. "ನಡಿ ಮನೆಗೆ. ಊರ ಮುಂದೆ ನನ್ನ ಮರ್ಯಾದೆ ತೆಗೀಬೇಡ."

"ಬರ್ತೀನಿ. ನೀನು ಹೊಲಿದಿದ್ದನ್ನ ನೀನೇ ಹಾಕ್ಕೊಂಡು ಒಂದ್ಸಲ ನೀರಿಗಿಳಿ. ಆಮೇಲೆ ಬಾಯಿ ಮುಚ್ಕೊಂಡು ಬರ್ತೀನಿ."

"ನನಗೆ ಈಜು ಬರಲ್ಲ ಅಂತ ಗೊತ್ತಿದ್ದೂ..."

"ಈಜು ಬರೋರಿಗೆ ಜಾಕೆಟ್ಟು ಯಾಕೆ ಅಣ್ಣ?"

ದೋಣಿಯಲ್ಲಿದ್ದವರು ನಕ್ಕರು. ಈ ಸಲ ನನ್ನನ್ನು ನೋಡಿ ಅಲ್ಲ. "ಇಳೀರಿ ಮೆತ್ತೆಯಣ್ಣ, ನಿಮ್ಮ ಮಾಲು ನಿಮಗೇ ನಂಬಿಕೆ ಇಲ್ವಾ?" ಎಂದು ಒಬ್ಬ ಕೂಗಿದ. ಅಷ್ಟು ಸಾಕಾಯಿತು. ಅವನು ಚಪ್ಪಲಿ ಬಿಟ್ಟು, ಒಂದು ಜಾಕೆಟ್ಟು ಕಸಿದು ತೊಟ್ಟು, ಲಾಡಿಗಳನ್ನು ತಾನೇ ಬಿಗಿದುಕೊಂಡ. ಮೀಸೆ ಅವನ ಕಂಕುಳಡಿ ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ಕಟ್ಟೆಯ ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದ. ಅವನ ಹಿಂದೆ ನಾನೂ ಹಿಡಿದೆ.

ಅಣ್ಣ ಒಂದೊಂದೇ ಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲು ಬಿಟ್ಟ. ತೇಲಿದ. ಎದೆಯವರೆಗೂ ನೀರಿನ ಮೇಲೆಯೇ ಇದ್ದ. ಎರಡೂ ಕೈ ಮೇಲೆತ್ತಿ ತೋರಿಸಿದ. ಜನ ಚಪ್ಪಾಳೆ ಹೊಡೆದರು, ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ.

"ನೋಡಿದ್ಯಾ? ಕಣ್ಣು ತುಂಬ ನೋಡ್ಕೋ! ಎಳೀರಿ ಇನ್ನು" ಎಂದ.

"ಇನ್ನೂ ಸ್ವಲ್ಪ ಹೊತ್ತು" ಎಂದೆ. "ಹೊಳೆ ನಡುವೆ ಬಿದ್ದೋರನ್ನ ಚಪ್ಪಾಳೆ ಹೊಡೆದ ತಕ್ಷಣ ಯಾರೂ ಎಳೆಯೋಕೆ ಬರಲ್ಲ."

ಜನರೂ ಇರಲಿ ಇರಲಿ ಎಂದರು. ಅವರಿಗೆ ತಮಾಷೆ. ಅವನೂ ನಗುತ್ತ ಇದ್ದ. ನೀರು ಭುಜಕ್ಕೆ ಬಂದಾಗಲೂ ನಗುತ್ತಿದ್ದ. ಕತ್ತಿಗೆ ಬಂದಾಗ ನಗು ನಿಂತಿತು. ಕತ್ತಿನ ಹತ್ತಿರ ಹಾಕಿದ್ದ ಆ ಒಂದು ಪದರ ಜಾಸ್ತಿ ಸ್ಪಂಜು ಈಗ ನೀರು ಕುಡಿದು ಅವನ ಗದ್ದವನ್ನು ಮುಂದಕ್ಕೆ ತಳ್ಳುತ್ತಿತ್ತು. ಕೈ ಬಡಿದ. ಬಡಿದಷ್ಟೂ ಇಳಿದ. ದೋಣಿಯಲ್ಲಿ ಒಬ್ಬ ತನ್ನ ಜಾಕೆಟ್ಟನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದ.

ಅಣ್ಣ ನನ್ನ ಕಡೆ ನೋಡಿದ. ಏನೋ ಹೇಳುವುದಕ್ಕೆ ಬಾಯಿ ತೆರೆದ, ನೀರು ಹೋಯಿತು. ನಾನು ಆಗಲೇ ಎಳೆಯುತ್ತಿದ್ದೆ. ಮೀಸೆ ಎಳೆದ, ದಡದಲ್ಲಿದ್ದವರೆಲ್ಲ ಬಂದು ಎಳೆದರು. ಎಷ್ಟು ಭಾರ! ಅರ್ಧ ಅವನದು, ಅರ್ಧ ಜಾಕೆಟ್ಟಿನದು. ಮೆಟ್ಟಿಲ ಮೇಲೆ ಬೋರಲು ಮಲಗಿಸಿದಾಗ ಜಾಕೆಟ್ಟಿನಿಂದ ನೀರು ಧಾರೆಯಾಗಿ ಇಳಿದು ಹೊಳೆಗೆ ಹೋಯಿತು. ಮಗಳು ದೋಣಿಯಿಂದ ಹಾರಿ ಬಂದು ಅವನ ಬೆನ್ನು ತಟ್ಟಿ ಕೆಮ್ಮಿಸಿದಳು.

"ಅವನು ಸ್ವಲ್ಪ ದಪ್ಪ ಇದಾನಲ್ಲ, ಅದಕ್ಕೇ" ಎಂದರು ಅಧ್ಯಕ್ಷರು.

ಅವರಿಗೆ ಉತ್ತರ ಕೊಡಲು ನಾಲಿಗೆ ಹೊರಳಿತು, ಆದರೆ ಬೇಕಾಗಲಿಲ್ಲ. ದೋಣಿಯಿಂದ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಅವರಲ್ಲಿ ಒಬ್ಬಾಕೆ ಬರುತ್ತ ಬರುತ್ತಲೇ ಜಾಕೆಟ್ಟು ಬಿಚ್ಚಿ ಅಧ್ಯಕ್ಷರ ಕಾಲ ಬಳಿ ಎಸೆದಳು.

ಅಣ್ಣ ಎದ್ದು ಕೂತ. ತುಟಿ ನೀಲಿಯಾಗಿತ್ತು. ನನಗೆ ಅಯ್ಯೋ ಅನಿಸಿತು, ನಿಜ. ಆದರೆ ಸಿಟ್ಟು ಇಳಿಯಲಿಲ್ಲ. ನಾನು ಬಾಯಿಬಿಟ್ಟು ಹೇಳಿದ್ದೆ, ನೆನೆದ ಜಾಕೆಟ್ಟನ್ನೇ ತಂದು ಮುಂದೆ ಹಾಕಿದ್ದೆ. ನನ್ನ ಮಾತಿಗಿಲ್ಲದ ಬೆಲೆ ಎರಡು ಗುಟುಕು ಹೊಳೆ ನೀರಿಗೆ ಸಿಕ್ಕಿತ್ತು.

"ನೀನು ಎಳೀತೀಯೋ ಇಲ್ವೋ ಅಂತ ಹೆದರಿಬಿಟ್ಟೆ ಕಣೇ" ಎಂದ ಅಣ್ಣ, ಸಣ್ಣ ದನಿಯಲ್ಲಿ.

"ನಿನಗೆ ಹಗ್ಗ ಇತ್ತು ಅಣ್ಣ" ಎಂದೆ. "ಹೊಳೆ ನಡುವೆ ಇವಳಿಗೆ ಏನಿತ್ತು?"

ಅವನು ಪಕ್ಕದಲ್ಲಿ ಮಂಡಿಯೂರಿದ್ದ ನನ್ನ ಮಗಳನ್ನು ನೋಡಿದ. ಅವಳ ಎದೆಯ ಮೇಲೆ ಅವನು ಹೊಲಿದ ಜಾಕೆಟ್ಟು ಇನ್ನೂ ಬಿಗಿದೇ ಇತ್ತು. ಅವಳ ಲಾಡಿಗೆ ಕೈ ಹಾಕಿದ. ಗಂಟು ನೆನೆದು ಬಿಗಿದಿತ್ತು, ಅವನ ಬೆರಳುಗಳು ಮಾತು ಕೇಳುತ್ತಿರಲಿಲ್ಲ.

"ಕತ್ತರಿ ಕೊಡಮ್ಮ" ಎಂದ. ಮಗಳು ಬ್ಯಾಂಡೇಜು ಕತ್ತರಿಸುವ ಕತ್ತರಿಯನ್ನು ಜೇಬಿನಿಂದ ತೆಗೆದು ಕೊಟ್ಟಳು. ತಾನೇ ಹೊಲಿದ ಲಾಡಿಗಳನ್ನು ಅವನು ಒಂದೊಂದಾಗಿ ಕತ್ತರಿಸಿದ.